ಕೆನ್ನೆಗೆ ಅರಿಶಿನ ಬೇಡ

ವಿಶಾಖಪಟ್ಟಣದ ದ್ವಾರಕಾನಗರದಲ್ಲಿ ಡಾಕ್ಟರ್ ಹೈಮಾವತಿಯವರ ಚರ್ಮದ ಆಸ್ಪತ್ರೆಗೆ ಮೊದಲ ಸಲ ಬಂದವರು ಲೇಸರ್ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ತಡೆದು ನಿಲ್ಲುತ್ತಿದ್ದರು. ಅದಕ್ಕೆ ಕಾರಣ ಯಂತ್ರವಲ್ಲ, ಯಂತ್ರದ ಪಕ್ಕದಲ್ಲಿ ನಿಂತಿರುತ್ತಿದ್ದ ಸುಶೀಲಾ. ಅವಳ ಎರಡೂ ಕೆನ್ನೆಗಳ ಮೇಲೆ, ಮೂಗಿನ ಮೇಲೆ, ರಾಗಿ ಚೆಲ್ಲಿದ ಹಾಗೆ ಕಂದು ಚುಕ್ಕೆಗಳಿದ್ದವು. ಚುಕ್ಕೆ ತೆಗೆಯುವ ಕೋಣೆಯಲ್ಲೇ ಇಷ್ಟು ಚುಕ್ಕೆಯ ಹೆಂಗಸು ಕೆಲಸ ಮಾಡುತ್ತಾಳೆಂದರೆ ಯಂತ್ರದ ಮೇಲೆ ಯಾರಿಗೆ ನಂಬಿಕೆ ಬಂದೀತು? ಒಬ್ಬಾಕೆಯಂತೂ ಮುಚ್ಚುಮರೆಯಿಲ್ಲದೆ, ಮೊದಲು ನೀನು ಮಾಡಿಸಿಕೊಂಡು ತೋರಿಸಮ್ಮ, ಆಮೇಲೆ ನಾನು ಮಲಗುತ್ತೇನೆ ಎಂದಿದ್ದಳು.

ಹೈಮಾವತಿಯವರೂ ಎರಡು ಸಲ ಹೇಳಿ ನೋಡಿದ್ದರು. ಯಂತ್ರ ಬಂದ ಹೊಸತರಲ್ಲಿ, 2003ರಲ್ಲಿ ಒಮ್ಮೆ; ಮರುವರ್ಷ ಇನ್ನೊಮ್ಮೆ. ಹತ್ತು ನಿಮಿಷದ ಕೆಲಸ, ನಾನೇ ಮಾಡಿಕೊಡುತ್ತೇನೆ ಎಂದಿದ್ದರು. ಸುಶೀಲಾ ಎರಡು ಸಲವೂ, "ಇರಲಿ ಮೇಡಂ," ಎಂದಷ್ಟೇ ಹೇಳಿದಳು. ಯಾಕೆ ಇರಲಿ ಎನ್ನುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿದ್ದ ತಂದೆ ನರಹರಿಗೆ ಮಾತ್ರ ಹೇಳದೆಯೇ ಗೊತ್ತಿತ್ತು.

ನರಹರಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ವಿಶಾಖಪಟ್ಟಣದಲ್ಲಿ ಉಕ್ಕಿನ ಕಾರ್ಖಾನೆ ಏಳುತ್ತಿದ್ದಾಗ ಹೆಂಡತಿ, ಮಗಳನ್ನು ಕರೆದುಕೊಂಡು ಬಂದು ಟೌನ್‌ಶಿಪ್ಪಿನಲ್ಲಿ ಸಂಸಾರ ಹೂಡಿದರು. ಅಲ್ಲಿ ಕನ್ನಡದವರ ಒಂದು ಸಂಘವಿತ್ತು. ಹಬ್ಬದ ದಿನ ಎಲ್ಲರೂ ಸೇರಿ ಅಡುಗೆ ಮಾಡಿ, ನೆಲದ ಮೇಲೆ ಎಲೆ ಹಾಕಿಕೊಂಡು ಉಣ್ಣುತ್ತಿದ್ದರು. ಆ ಸಂಘದ ಹೆಂಗಸರಿಗೆಲ್ಲ ರಾಜ್ಯಲಕ್ಷ್ಮಿ ಹೇಳಿದ್ದೇ ಮಾತು. ಆಕೆ ಬಳ್ಳಾರಿಯವಳು, ಗಂಡ ವಿಜಯವಾಡದವನು. ಕನ್ನಡ ತೆಲುಗು ಎರಡೂ ಅವಳಿಗೆ ಸಲೀಸು. ಅವಳ ತಮ್ಮ ಸೂರ್ಯಪ್ರಕಾಶ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ಸುಶೀಲಾಳನ್ನು ರಾಜ್ಯಲಕ್ಷ್ಮಿಯೇ ಮೆಚ್ಚಿ ತಮ್ಮನಿಗೆ ಕೇಳಿದಳು. ಹುಡುಗ ಬಂದ, ನೋಡಿದ, ಒಪ್ಪಿದ. ತಾಂಬೂಲ ಬದಲಾಯಿಸಿದ್ದೂ ಆಯಿತು.

ಅದಾದ ಮೇಲೆ ಗುಂಟೂರಿನ ಕಡೆಯಿಂದ ಆ ಹುಡುಗನಿಗೆ ಇನ್ನೂ ದೊಡ್ಡ ಸಂಬಂಧ ಬಂತು. ತಾಂಬೂಲ ಬದಲಾಯಿಸಿದ ಮೇಲೆ ಸುಮ್ಮನೆ ಬಿಟ್ಟರೆ ತಪ್ಪು ಗಂಡಿನ ಕಡೆಯವರದಾಗುತ್ತದೆ. ತಪ್ಪು ಹೆಣ್ಣಿನ ಕಡೆ ಇರಬೇಕಾಗಿತ್ತು. ರಾಜ್ಯಲಕ್ಷ್ಮಿ ಅದನ್ನು ಸುಶೀಲಾಳ ಮುಖದ ಮೇಲೇ ಹುಡುಕಿ ತೆಗೆದಳು.

ಆ ವರ್ಷದ ಯುಗಾದಿ ಊಟದಲ್ಲಿ ಸುಶೀಲಾ ಕೋಸಂಬರಿ ಬಡಿಸುತ್ತಿದ್ದಳು. ರಾಜ್ಯಲಕ್ಷ್ಮಿಯ ಎಲೆಯ ಮುಂದೆ ಬಗ್ಗಿದಾಗ ಆಕೆ ಅಂಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದಳು. ಪಕ್ಕದಲ್ಲಿ ಕೂತಿದ್ದವಳ ಕಡೆ ತಿರುಗಿ, ದನಿ ಏರಿಸದೆ, "ಅದು ಚುಕ್ಕೆ ಅಲ್ಲಂಡಿ, ರೋಗ. ವರ್ಷ ವರ್ಷ ಹರಡ್ತಾ ಇದೆ. ನಾವು ನೋಡಿದ್ದು ತಡ ಆಯ್ತು," ಎಂದಳು. ಪಕ್ಕದವಳೂ ಎಲೆಗೆ ಕೈ ಅಡ್ಡ ಇಟ್ಟಳು. ಅವಳ ಪಕ್ಕದವಳೂ. ಸಾಲು ಮುಗಿಯುವ ತನಕ ಹಾಗೇ ಆಯಿತು.

ಮೈಬಣ್ಣ ಮಾಡುವ ಜೀವಕೋಶಗಳು ಕೆಲವರಲ್ಲಿ ಬಿಸಿಲಿಗೆ ಅಲ್ಲಲ್ಲಿ ಹೆಚ್ಚು ಬಣ್ಣ ಮಾಡುತ್ತವೆ, ಅಪ್ಪ ಅಮ್ಮನಿಂದ ಬರುವ ಗುಣ ಅದು, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎನ್ನುವುದು ಸುಶೀಲಾಳಿಗೆ ಆಗಲೂ ತಿಳಿದಿತ್ತು. ತಿಳಿದು ಏನು ಬಂತು, ಯಾರೂ ಅವಳನ್ನು ಕೇಳಲಿಲ್ಲ. ಆಮೇಲೆ ಬಂದ ಸಂಬಂಧದವರು ಟೌನ್‌ಶಿಪ್ಪಿನಲ್ಲಿ ವಿಚಾರಿಸಿಕೊಂಡು ಹಾಗೇ ಹಿಂತಿರುಗಿದರು. ನರಹರಿ ಸಂಘದ ಊಟಕ್ಕೆ ಹೋಗುವುದನ್ನು ಬಿಟ್ಟರು. ತಾಯಿ ಅದೇ ಕೊರಗಿನಲ್ಲಿ ಸತ್ತರು. ರಾಜ್ಯಲಕ್ಷ್ಮಿಯ ಸಂಸಾರ ವಿಜಯವಾಡಕ್ಕೆ ಹೋಯಿತು. ಮಾತು ಮಾತ್ರ ಟೌನ್‌ಶಿಪ್ಪಿನಲ್ಲೇ ಉಳಿಯಿತು.

ಸುಶೀಲಾ ಒಂದು ಶಾಲೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದಳು, ಆಮೇಲೆ ಹೈಮಾವತಿಯವರಲ್ಲಿಗೆ ಬಂದಳು. ವಯಸ್ಸು ಮೂವತ್ತು ದಾಟಿತು. ಗಂಡ, ಮಕ್ಕಳು ಎನ್ನುವ ಆಸೆಗಳು ಒಂದೊಂದಾಗಿ ಬಿಟ್ಟುಹೋದವು. ಒಂದೇ ಆಸೆ ಬಿಡಲಿಲ್ಲ. ರಾಜ್ಯಲಕ್ಷ್ಮಿ ಅದೇ ಬಾಯಲ್ಲಿ, ಅಷ್ಟೇ ಹೆಂಗಸರ ನಡುವೆ, ಇದು ರೋಗವಲ್ಲ ಎನ್ನಬೇಕು. ಆ ದಿನ ಚುಕ್ಕೆಗಳು ತನ್ನ ಮುಖದ ಮೇಲೇ ಇರಬೇಕು. ಅದಕ್ಕೇ ಅವಳು ಅವನ್ನು ತೆಗೆಸಿರಲಿಲ್ಲ.

2007ರ ಜನವರಿಯಲ್ಲಿ ನಿಕಿತಾ ಎನ್ನುವ ಹುಡುಗಿ ಆಸ್ಪತ್ರೆಗೆ ಬಂದಳು. ಮನೆ ವಿಜಯವಾಡದಲ್ಲಿ; ವಿಶಾಖಪಟ್ಟಣದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಫಾರ್ಮಸಿ ಓದುತ್ತಿದ್ದಳು. ಬೆಳ್ಳನೆಯ ಮುಖದ ತುಂಬ ಚುಕ್ಕೆ. ಲೇಸರ್ ಮಾಡುವ ಮುಂಚೆ ಕಿವಿಯ ಹತ್ತಿರ ಒಂದೆರಡು ಚುಕ್ಕೆಗೆ ಮಾತ್ರ ಬೆಳಕು ಹಾಕಿ, ಚರ್ಮ ಹೇಗೆ ತಡೆದುಕೊಳ್ಳುತ್ತದೆ ಎಂದು ಕೆಲವು ವಾರ ಕಾಯುವುದು ಅಲ್ಲಿಯ ಪದ್ಧತಿ. ಆ ಪರೀಕ್ಷೆಗೆ ತಯಾರು ಮಾಡುತ್ತಿದ್ದಾಗ ಸುಶೀಲಾಳ ತೆಲುಗಿನ ರಾಗ ಕೇಳಿ ಹುಡುಗಿ, ನೀವು ಕನ್ನಡದವರಾ ಎಂದಳು. ತನಗೂ ಕನ್ನಡ ಬರುತ್ತದೆ, ಅಮ್ಮನ ಜೊತೆ ಮಾತ್ರ ಆಡುವುದು ಎಂದಳು. ಕಣ್ಣಿಗೆ ರಕ್ಷಣೆಯ ಬಟ್ಟಲು ಕಟ್ಟಿಸಿಕೊಂಡು ಮಲಗಿದವಳ ಬಾಯಿ ನಿಲ್ಲಲಿಲ್ಲ.

"ಅಮ್ಮ ನನ್ನ ಫೋಟೋನ ಸ್ಟುಡಿಯೋದಲ್ಲಿ ಕ್ಲೀನ್ ಮಾಡಿಸಿ ಹುಡುಗನ ಮನೆಗೆ ಕಳಿಸಿದ್ಲು ಅಕ್ಕ. ಅವ್ರು ನೋಡೋಕ್ ಬಂದಾಗ ಇಷ್ಟು ದಪ್ಪ ಮೇಕಪ್. ಮದುವೆ ಆದ್ಮೇಲೆ ಮುಖ ತೊಳೀಬೇಕು ಕದಾ? ಆಗ ಏನ್ ಮಾಡೋದು?"

"ವಿಜಯವಾಡದಲ್ಲೇ ಮಾಡಿಸ್ಬಹುದಿತ್ತಲ್ಲಮ್ಮ?"

"ಅಯ್ಯೋ, ಅಲ್ಲಿ ಯಾರಾದ್ರೂ ನೋಡಿಬಿಟ್ರೆ! ಅಮ್ಮನಿಗೆ ಈ ಊರು ಗೊತ್ತು. ಮೊದಲು ಸ್ಟೀಲ್ ಪ್ಲಾಂಟ್ ಟೌನ್‌ಶಿಪ್‌ನಲ್ಲೇ ಇದ್ವಿ. ಆಗೆಲ್ಲ ಕನ್ನಡ ಸಂಘ ಅಮ್ಮಂದೇ. ರಾಜ್ಯಲಕ್ಷ್ಮಿ ಅಂದ್ರೆ ಎಲ್ಲರಿಗೂ ಗೊತ್ತಿತ್ತಂತೆ."

ಸುಶೀಲಾಳ ಕೈಯಲ್ಲಿದ್ದ ಹತ್ತಿ ಅಲ್ಲೇ ನಿಂತಿತು. ಆಮೇಲೆ ಮತ್ತೆ ಕೆಲಸ ಮುಂದುವರಿಸಿತು. ತನ್ನ ಮುಖಕ್ಕೆ ರೋಗವೆಂದು ಹೆಸರಿಟ್ಟ ಹೆಂಗಸಿನ ಮನೆಯಲ್ಲೇ ಅದೇ ಚುಕ್ಕೆ ಹುಟ್ಟಿ ಬೆಳೆದಿತ್ತು. ಅವಳಿಗೆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಚುಕ್ಕೆಗಳನ್ನು ನೋಡಿ ಒಂದು ಬಗೆಯ ಹರ್ಷ ಬಂತು. ಆ ಹರ್ಷಕ್ಕೆ ಅವಳು ನಾಚಲೂ ಇಲ್ಲ.

ಹೈಮಾವತಿಯವರು ಮದುವೆಯಾದ ಮೇಲೆ ಬಾ ಎಂದು ಹೇಳಿ ನೋಡಿದರು. ರಾಜ್ಯಲಕ್ಷ್ಮಿ ಫೋನಿನಲ್ಲೇ ಹಟ ಹಿಡಿದಳು. ಕಿವಿಯ ಹತ್ತಿರದ ಪರೀಕ್ಷೆ ಚೆನ್ನಾಗಿ ಬಂದಿತ್ತು. ಮುಹೂರ್ತ ಯಾವತ್ತು ಎಂದು ಡಾಕ್ಟರು ಕೇಳಿದರು, ದಿನ ಎಣಿಸಿದರು, ಅಷ್ಟರಲ್ಲಿ ಸುಟ್ಟ ಚುಕ್ಕೆಗಳ ಮೇಲೆ ಕಟ್ಟುವ ಹಕ್ಕಳೆ ಉದುರಿ ಹೋಗಿರುತ್ತದೆ ಎಂದು ಒಪ್ಪಿಕೊಂಡರು. ಅವರು ಎಣಿಸಿದ್ದು ಮುಹೂರ್ತದ ತನಕ. ಆ ಕಡೆಯ ಮನೆಗಳಲ್ಲಿ ಮದುವೆ ಮುಹೂರ್ತಕ್ಕೆ ಶುರುವಾಗುವುದಿಲ್ಲ. ಅದಕ್ಕೆ ವಾರದ ಮುಂಚೆಯೇ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಕಡಲೆಹಿಟ್ಟು ಅರಿಶಿನ ಎಣ್ಣೆ ಕಲಸಿ ಮೈಮುಖಕ್ಕೆ ತಿಕ್ಕುತ್ತಾರೆ. ನಲುಗು ಎನ್ನುತ್ತಾರೆ ಅದಕ್ಕೆ. ತುರ್ತಿನಲ್ಲಿದ್ದ ಡಾಕ್ಟರಿಗೆ ಅದು ನೆನಪಾಗಲಿಲ್ಲ. ಸುಶೀಲಾಳಿಗೆ ನೆನಪಾಯಿತು.

ಲೇಸರ್ ದಿನ ರಾಜ್ಯಲಕ್ಷ್ಮಿ ತಾನೇ ಬಂದಳು. ಕೂದಲಿಗೆ ಬಣ್ಣ ಹಾಕಿದ್ದಳು, ಸ್ವಲ್ಪ ದಪ್ಪಗಾಗಿದ್ದಳು. ನಡಿಗೆ ಮಾತ್ರ ಅದೇ. ಲೇಸರ್ ಕೆಲಸಕ್ಕೆಂದು ಟೋಪಿ, ಮಾಸ್ಕು ಹಾಕಿದ್ದ ಸುಶೀಲಾಳನ್ನು ಆಕೆ ಗುರುತಿಸಲಿಲ್ಲ. ಒಳಗೆ ಯಂತ್ರ ಟಕ್ ಟಕ್ ಎಂದಿತು. ಹಸಿರು ಬೆಳಕು ಬಿದ್ದ ಕಡೆಯೆಲ್ಲ ಚುಕ್ಕೆ ಒಂದು ಕ್ಷಣ ಬೆಳ್ಳಗಾಗಿ, ಸುಟ್ಟ ಕೂದಲಿನ ವಾಸನೆ ಎದ್ದಿತು. ನಿಕಿತಾ ರಬ್ಬರ್ ಬ್ಯಾಂಡಿನಲ್ಲಿ ಹೊಡೆದ ಹಾಗಿದೆ ಎಂದು ಗೊಣಗುತ್ತಲೇ ತಡೆದುಕೊಂಡಳು.

ಕೆಲಸ ಮುಗಿದ ಮೇಲೆ ಏನು ಮಾಡಬೇಕು, ಏನು ಮಾಡಬಾರದು ಎನ್ನುವುದನ್ನು ಮೊದಲು ರೋಗಿಗೇ ಹೇಳಬೇಕು, ಜೊತೆಗೆ ಬಂದವರಿಗೆ ಆಮೇಲೆ. ಹೈಮಾವತಿಯವರು ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಆ ದಿನ ಸುಶೀಲಾ ಹುಡುಗಿಯ ಮುಖದ ಮೇಲೆ ತಣ್ಣನೆಯ ಬಟ್ಟೆ ಹಾಸಿ, ಕಣ್ಣು ಮುಚ್ಚಿ ಮಲಗಿರು ಎಂದು ಹೇಳಿ, ಹೊರಗೆ ಬಂದು ತಾಯಿಯ ಮುಂದೆ ನಿಂತಳು. ತೆಲುಗಿನಲ್ಲಿ ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. ಚುಕ್ಕೆಗಳು ಕಪ್ಪಾಗಿ ಹಕ್ಕಳೆ ಕಟ್ಟುತ್ತವೆ. ಅವು ತಾವಾಗಿ ಉದುರಬೇಕು. ಉಜ್ಜಿ ಕಿತ್ತರೆ ಅಲ್ಲೆಲ್ಲ ಮೊದಲಿಗಿಂತ ಕಪ್ಪು ಕಲೆ ಕೂರುತ್ತದೆ, ಹೋಗಲು ತಿಂಗಳುಗಟ್ಟಲೆ ಬೇಕು. ನಲುಗಿನಲ್ಲಿ ಯಾರೂ ಮುಖ ಮುಟ್ಟಬಾರದು. ಬರುವವರಿಗೆಲ್ಲ ಲೇಸರ್ ಆಗಿದೆ ಎಂದು ಮೊದಲೇ ಹೇಳಿಬಿಡಬೇಕು.

ರಾಜ್ಯಲಕ್ಷ್ಮಿ ಸುತ್ತ ನೋಡಿದಳು. ಬೀಗರಿಗೂ ಹೇಳಬೇಕಾ ಎಂದು ಕೇಳಿದಳು. ಬರುವವರಿಗೆಲ್ಲ ಎಂದಳು ಸುಶೀಲಾ. ನಾನು ನೋಡಿಕೊಳ್ಳುತ್ತೇನಮ್ಮ, ನೀನು ಮಾತ್ರ ಯಾರ ಹತ್ತಿರವೂ ಬಾಯಿಬಿಡಬೇಡ ಎಂದಳು ರಾಜ್ಯಲಕ್ಷ್ಮಿ.

ಆಕೆ ಹೇಳುವುದಿಲ್ಲ ಎನ್ನುವುದು ಸುಶೀಲಾಳಿಗೆ ಆ ಕ್ಷಣವೇ ಖಚಿತವಾಯಿತು. ಒಳಗೆ ಹೋಗಿ ನಿಕಿತಾಳಿಗೆ ಬಿಸಿಲು, ಸೋಪಿನ ವಿಚಾರ ಹೇಳಿದಳು. ನಲುಗಿನ ಮಾತು ಎತ್ತಲಿಲ್ಲ. ಹುಡುಗಿ ಬ್ಯಾಗಿನಿಂದ ಲಗ್ನಪತ್ರಿಕೆ ತೆಗೆದು ಕೊಟ್ಟು, ನಲುಗಿಗೇ ಬಂದುಬಿಡಿ ಅಕ್ಕ ಎಂದಳು.

ಮಗಳು ವಿಜಯವಾಡಕ್ಕೆ ಹೊರಟಿದ್ದಾಳೆ, ಅದೂ ಯಾರ ಮನೆಗೆ ಎಂದು ತಿಳಿದಾಗ ನರಹರಿ ಪೇಪರ್ ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು:

"ಜಗಳಕ್ಕೆ ಹೋಗ್ತಿದೀಯಾ, ಊಟಕ್ಕಾ?"

"ಎರಡಕ್ಕೂ ಅಲ್ಲ ಅಪ್ಪ. ಒಂದು ಮಾತು ಕೇಳಿಸ್ಕೊಂಡು ಬರೋಕೆ."

"ಹಂಗಿದ್ರೆ ಊಟ ಮಾಡ್ಕೊಂಡೇ ಬಾ. ಬರಿಹೊಟ್ಟೇಲಿ ಕೇಳಿಸ್ಕೊಂಡ್ರೆ ದಕ್ಕಲ್ಲ," ಎಂದು ಪೇಪರನ್ನು ಮತ್ತೆ ಬಿಡಿಸಿಕೊಂಡರು.

ರೈಲು ಅನಕಾಪಲ್ಲಿ ದಾಟುವಾಗ ಬೆಲ್ಲದ ಮಂಡಿಗಳ ವಾಸನೆ ಕಿಟಕಿಯಲ್ಲಿ ನುಗ್ಗಿತು. ಸುಶೀಲಾ ತಾನು ಮಾಡಬೇಕಾದ್ದನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಮಾಡಿ ನೋಡುತ್ತಿದ್ದಳು. ಅರಿಶಿನದ ಕೈ ಹುಡುಗಿಯ ಮುಖದ ತನಕ ಬರಬೇಕು, ಮುಟ್ಟಬಾರದು. ಅಷ್ಟರೊಳಗೆ ತಾಯಿ ಬಾಯಿಬಿಟ್ಟರೆ ಸರಿ, ತಾನು ಏನೂ ಮಾಡದೆ ಹಿಂತಿರುಗುವುದು. ಬಿಡದಿದ್ದರೆ ಆ ಗಳಿಗೆ ತನ್ನದು. ಮಗಳ ಮುಖ, ತನ್ನ ಮರ್ಯಾದೆ ಎರಡನ್ನೂ ತಕ್ಕಡಿಗೆ ಹಾಕಿದಾಗ ಆ ಹೆಂಗಸು ಯಾವುದನ್ನು ಎತ್ತಿಕೊಳ್ಳುತ್ತಾಳೆ ಎಂದು ಕಣ್ಣಾರೆ ನೋಡಬೇಕಾಗಿತ್ತು. ಕೈ ತಡವಾದರೆ ಹುಡುಗಿಯ ಗತಿಯೇನು ಎನ್ನುವ ಯೋಚನೆಯೂ ಬಂತು. ತಡವಾಗಲು ಬಿಡುವುದಿಲ್ಲ ಎಂದು ಅದನ್ನು ಆಚೆ ತಳ್ಳಿದಳು.

ಆ ರಾತ್ರಿ ವಿಜಯವಾಡದಲ್ಲಿ ಸ್ಟೇಷನ್ ಹತ್ತಿರದ ಲಾಡ್ಜಿನಲ್ಲಿ ಉಳಿದು, ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ಪಟಮಟಕ್ಕೆ ಹೋದಳು. ಮನೆಯ ಮುಂದೆ ಶಾಮಿಯಾನ, ಒಳಗೆ ಹಜಾರದ ತುಂಬ ಹೆಂಗಸರು. ಬಾಗಿಲಲ್ಲಿ ಎದುರಾದ ರಾಜ್ಯಲಕ್ಷ್ಮಿ ನಗುತ್ತಲೇ ಬಂದು, ಯಾರೆಂದು ತಿಳಿಯಲಿಲ್ಲವಲ್ಲ ಎನ್ನುವಷ್ಟರಲ್ಲಿ ಅವಳ ಕಣ್ಣು ಸುಶೀಲಾಳ ಕೆನ್ನೆಗಳ ಮೇಲೆ ನಿಂತಿತು. ನಗು ಅಲ್ಲೇ ಉಳಿಯಿತು, ಮುಖದ ಬಣ್ಣ ಹೋಯಿತು. "ನರಹರಿಯವರ ಮಗಳು," ಎಂದಳು ಸುಶೀಲಾ ಕನ್ನಡದಲ್ಲಿ. "ಆವತ್ತು ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿದ್ದೆ. ನಿಕಿತಾ ಕರೆದಿದ್ದಾಳೆ." ಅಷ್ಟರಲ್ಲಿ ಯಾರೋ ಒಳಗಿನಿಂದ ಕರೆದರು. ರಾಜ್ಯಲಕ್ಷ್ಮಿಗೆ ಹೋಗದೆ ವಿಧಿಯಿರಲಿಲ್ಲ.

ನಿಕಿತಾ ಮಣೆಯ ಮೇಲೆ ಕೂತಿದ್ದಳು. ಮುಖಕ್ಕೆ ದಪ್ಪಗೆ ಪೌಡರ್ ಬಳಿದಿದ್ದರೂ ಹಕ್ಕಳೆಗಳು ಎಳ್ಳಿನ ಹಾಗೆ ಎದ್ದು ಕಾಣುತ್ತಿದ್ದವು. ಬಿಸಿಲಿಗೆ ಬೊಕ್ಕೆ ಎದ್ದಿವೆ ಎಂದು ಬಂದವರಿಗೆಲ್ಲ ಹೇಳಿಯಾಗಿತ್ತು. ಸುಶೀಲಾಳನ್ನು ಕಂಡು ಹುಡುಗಿಯ ಮುಖ ಅರಳಿತು. ಸುಶೀಲಾ ಅವಳಿಗೆ ಹತ್ತಿರವಾಗುವ ಹಾಗೆ ಗೋಡೆಯ ಬದಿಗೆ ನಿಂತಳು.

ಗಂಡಿನ ಕಡೆಯಿಂದ ನಲುಗಿನ ಹಿಟ್ಟು ತಂದಿದ್ದವರು ಹುಡುಗ ಸಾಯಿಕಿರಣನ ಸೋದರತ್ತೆ ಅನ್ನಪೂರ್ಣಮ್ಮ. ಎತ್ತರದ, ಗಟ್ಟಿ ದನಿಯ ಹೆಂಗಸು. ಪಾದಕ್ಕೆ ಹಚ್ಚಿದರು, ಮೊಣಕೈ ತನಕ ತಿಕ್ಕಿದರು. ಮತ್ತೆ ಬಟ್ಟಲಿಗೆ ಕೈ ಹಾಕಿದಾಗ ರಾಜ್ಯಲಕ್ಷ್ಮಿ ಮುಂದೆ ಬಗ್ಗಿ, ಅತ್ತಿಗೆ ಎಂದು ಕರೆದಳು.

"ವದಿನಗಾರೂ, ಕೈಕಾಲಿಗೆ ಸಾಕು. ಹುಡುಗಿಗೆ ಸ್ವಲ್ಪ ಶೀತ."

"ಶೀತ ಮೂಗಿಗಲ್ವಾ? ನಾನು ಹಚ್ಚೋದು ಕೆನ್ನೆಗೆ," ಎಂದರು ಅನ್ನಪೂರ್ಣಮ್ಮ. ಹೆಂಗಸರು ನಕ್ಕರು. "ಕೆನ್ನೆಗೆ ಅರಿಶಿನ ಬೀಳದೆ ಯಾವ ಹುಡುಗಿ ಮದುಮಗಳಾಗಿದ್ದಾಳೆ ಹೇಳಿ."

ರಾಜ್ಯಲಕ್ಷ್ಮಿ ಬಾಯಿ ತೆರೆದಳು. ಸುತ್ತ ಇದ್ದ ಮುಖಗಳನ್ನು ನೋಡಿದಳು, ಸುಶೀಲಾಳನ್ನೂ ನೋಡಿದಳು. ಆಮೇಲೆ ಎಲ್ಲರ ಜೊತೆ ತಾನೂ ನಕ್ಕು, ಒಂದು ಹೆಜ್ಜೆ ಹಿಂದೆ ಸರಿದಳು.

ಸುಶೀಲಾ ಆ ಹೆಜ್ಜೆಯನ್ನು ನೋಡಿದಳು. ನೋಡುತ್ತ ಅರೆಕ್ಷಣ ಹೆಚ್ಚು ನಿಂತಳು. ಅವಳು ಮುನ್ನುಗ್ಗಿ ಅನ್ನಪೂರ್ಣಮ್ಮನವರ ಮಣಿಕಟ್ಟು ಹಿಡಿಯುವಷ್ಟರಲ್ಲಿ ಅವರ ಬೆರಳು ಹುಡುಗಿಯ ದವಡೆಯ ಹತ್ತಿರ ಉಜ್ಜಿಯಾಗಿತ್ತು. ಒಂದು ಹಕ್ಕಳೆ ಕಿತ್ತು, ಅರಿಶಿನದಲ್ಲಿ ಚೂರು ರಕ್ತ ಕೂಡಿತು. ನಿಕಿತಾ ಉಸಿರೆಳೆದುಕೊಂಡಳು.

"ಮುಖ ಮುಟ್ಟಬೇಡಿ," ಎಂದಳು ಸುಶೀಲಾ, ಎಲ್ಲರಿಗೂ ತಿಳಿಯುವ ಹಾಗೆ ತೆಲುಗಿನಲ್ಲಿ. "ಇದು ಬಿಸಿಲಿನ ಬೊಕ್ಕೆ ಅಲ್ಲ. ನನ್ನ ಮುಖದ ಮೇಲೆ ಇದಾವಲ್ಲ, ಇಂಥವೇ ಚುಕ್ಕೆ ಇವಳಿಗೂ ಇದ್ದವು. ನಾಲ್ಕು ದಿನದ ಹಿಂದೆ ಲೇಸರಿನಲ್ಲಿ ತೆಗೆದಿದ್ದೀವಿ. ಉಜ್ಜಿದರೆ ಮುಖದ ತುಂಬ ಕಪ್ಪು ಕಲೆ ಕೂರುತ್ತೆ. ಇವರ ತಾಯಿಗೆ ಹೇಳಿದ್ದೆ."

ಅನ್ನಪೂರ್ಣಮ್ಮ ಕೈ ಹಿಂತೆಗೆದುಕೊಂಡು, ಏನು ಚುಕ್ಕೆ, ಕಾಯಿಲೆಯಾ ಎಂದು ಕೇಳಿದರು. ಸುಶೀಲಾ ಉತ್ತರ ಕೊಡಲಿಲ್ಲ. ರಾಜ್ಯಲಕ್ಷ್ಮಿಯ ಕಡೆ ತಿರುಗಿದಳು.

"ರಾಜ್ಯಲಕ್ಷ್ಮಿಗಾರೂ, ನೀವು ಹೇಳಿ. ಇದು ರೋಗವಾ?"

ಹೌದೆಂದರೆ ಮಗಳ ಮದುವೆ ಅಲ್ಲೇ ನಿಲ್ಲುತ್ತಿತ್ತು. ಅಲ್ಲವೆಂದರೆ ತಾನು ಹಿಂದೆ ಆಡಿದ್ದು ಸುಳ್ಳಾಗುತ್ತಿತ್ತು. ಆ ಹಜಾರದಲ್ಲಿ ಅದು ಗೊತ್ತಿದ್ದವರು ಇಬ್ಬರೇ. ರಾಜ್ಯಲಕ್ಷ್ಮಿಯ ತುಟಿ ಅಲುಗಿತು.

"ಅಲ್ಲ."

"ಹರಡುತ್ತಾ?"

"ಇಲ್ಲ. ಬರೀ ಚುಕ್ಕೆ. ಯಾರಿಗೂ ಅಂಟಲ್ಲ."

"ಇಂಥ ಮುಖದವಳು ಬಡಿಸಿದರೆ ಉಣ್ಣಬಹುದಾ?"

ರಾಜ್ಯಲಕ್ಷ್ಮಿಯ ಕಣ್ಣಲ್ಲಿ ನೀರು ನಿಂತಿತು. ಅದು ಸುಶೀಲಾಳನ್ನು ಸ್ವಲ್ಪವೂ ಕರಗಿಸಲಿಲ್ಲ. ಅವಳು ಕಾದಳು.

"ಉಣ್ಣಬಹುದು," ಎಂದಳು ರಾಜ್ಯಲಕ್ಷ್ಮಿ.

ಮೂಲೆಯಿಂದ ಯಾರೋ, ಫೋಟೋದಲ್ಲಿ ಇರಲಿಲ್ಲವಲ್ಲ ಎಂದರು. ಅನ್ನಪೂರ್ಣಮ್ಮ ಬಟ್ಟಲನ್ನು ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಬೀಗಿತಿಯನ್ನು ಒಮ್ಮೆ ನೆತ್ತಿಯಿಂದ ಪಾದದ ತನಕ ನೋಡಿದರು. "ಚುಕ್ಕೆ ಇದ್ದಿದ್ರೆ ನಾವೇನೂ ಅಂತಿರಲಿಲ್ಲ ವದಿನಾ. ನಮ್ಮ ಸಾಯಿಕಿರಣ್‌ಗೇನು ಮುಖದಲ್ಲಿ ಚಂದ್ರ ಕೂತಿದ್ದಾನಾ? ಮುಚ್ಚಿಟ್ಟಿದ್ದು ಮಾತ್ರ ನೆನಪಿರುತ್ತೆ," ಎಂದರು. ಅನ್ನಪೂರ್ಣಮ್ಮ ಬಹುಕಾಲ ಬದುಕುವ, ಏನನ್ನೂ ಮರೆಯದ ಜಾತಿಯ ಹೆಂಗಸು ಎನ್ನುವುದು ಆ ಮಾತಿನಲ್ಲೇ ತಿಳಿಯುತ್ತಿತ್ತು. ಮದುವೆ ನಿಲ್ಲಲಿಲ್ಲ. ರಾಜ್ಯಲಕ್ಷ್ಮಿ ಮಾತ್ರ ಇನ್ನು ಆ ಬೀಗರ ಮುಂದೆ ಎಂದೂ ದನಿ ಎತ್ತುವ ಹಾಗಿರಲಿಲ್ಲ. ಸುಶೀಲಾ ಅಷ್ಟನ್ನು ನಿರೀಕ್ಷಿಸಿರಲಿಲ್ಲ. ಸಿಕ್ಕಿದ್ದನ್ನು ಬೇಡವೆನ್ನಲೂ ಇಲ್ಲ.

ಹಿಂದಿನ ಕೋಣೆಯಲ್ಲಿ ಅವಳು ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ನಿಕಿತಾಳ ಮುಖದ ಪೌಡರನ್ನು ಮೆಲ್ಲಗೆ ಎತ್ತಿದಳು. ದವಡೆಯ ಗಾಯಕ್ಕೆ ಮುಲಾಮು ಹಚ್ಚಿದಳು. ಮಿಕ್ಕ ಹಕ್ಕಳೆಗಳೆಲ್ಲ ಗಟ್ಟಿಯಾಗಿದ್ದವು. ಹುಡುಗಿ ಅಷ್ಟು ಹೊತ್ತೂ ಅವಳನ್ನೇ ನೋಡುತ್ತಿದ್ದಳು.

"ಅರಿಶಿನ ಹಚ್ಚಬಾರದು ಅಂತ ನನಗ್ಯಾಕೆ ಹೇಳ್ಲಿಲ್ಲ ಅಕ್ಕ? ನಾನೇ ಹೇಳಿಬಿಡ್ತಿದ್ದೆ. ನನಗೇನೂ ನಾಚಿಕೆ ಇರಲಿಲ್ಲ."

ಸುಶೀಲಾ ಮುಲಾಮಿನ ಟ್ಯೂಬಿಗೆ ಮುಚ್ಚಳ ಹಾಕಿದಳು.

"ನನ್ನ ಮುಖ ಉಳಿಸೋಕ್ ಬಂದ್ರಾ, ಅಮ್ಮನ್ನ ನೋಡೋಕ್ ಬಂದ್ರಾ?"

"ನಿಮ್ಮಮ್ಮನ್ನ ನೋಡೋಕೆ," ಎಂದಳು ಸುಶೀಲಾ. ಮಾಸ್ಕಿಲ್ಲದ ಮುಖದಲ್ಲಿ ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ಯುಗಾದಿಯ ಊಟದಿಂದ ಹಿಡಿದು ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿದಳು. ನಿಕಿತಾ ಕೇಳಿಸಿಕೊಂಡಳು. ಕೊನೆಗೆ, ಅಮ್ಮ ಮಾಡಿದ್ದು ತಪ್ಪು, ನೀವು ಮಾಡಿದ್ದೂ ತಪ್ಪೇ, ಮದುವೆಗೆ ಬರಬೇಡಿ ಎಂದು ತೆಲುಗಿನಲ್ಲಿ ಹೇಳಿ, ಮುಲಾಮಿನ ಟ್ಯೂಬನ್ನು ತೆಗೆದಿಟ್ಟುಕೊಂಡಳು. ದಿನಕ್ಕೆ ಎರಡು ಸಲ, ಬೆರಳು ತೊಳೆದುಕೊಂಡು ಎಂದಳು ಸುಶೀಲಾ. ಹುಡುಗಿ ತಲೆಯಾಡಿಸಿದಳು.

ವಾಪಸು ಬರುವ ರೈಲಿನಲ್ಲಿ ಸುಶೀಲಾ ತನ್ನ ಮನಸ್ಸನ್ನು ಕೆದಕಿ ನೋಡಿಕೊಂಡಳು. ಸೇಡು ತೀರಿದ ಮೇಲೆ ಎಲ್ಲ ಬರಿದಾಗಿ ಕಾಣುತ್ತದೆ ಎಂದು ಜನ ಹೇಳುವುದನ್ನು ಕೇಳಿದ್ದಳು. ಹಾಗೇನೂ ಆಗಿರಲಿಲ್ಲ. ರಾಜ್ಯಲಕ್ಷ್ಮಿಯ ಆ ಮಾತು ಹೊಟ್ಟೆಗೆ ಬಿಸಿ ಅನ್ನ ಬಿದ್ದ ಹಾಗೆ ಹಿತವಾಗಿತ್ತು. ದವಡೆಯ ಆ ಗಾಯವೊಂದೇ ಅದರಲ್ಲಿ ಸಿಕ್ಕಿದ ಕಲ್ಲು. ತಾನು ಅರೆಕ್ಷಣ ಹೆಚ್ಚು ನಿಂತಿದ್ದು ಯಾತಕ್ಕೆ ಎನ್ನುವುದು ಅವಳಿಗೆ ಗೊತ್ತಿತ್ತು.

ರಾಜ್ಯಲಕ್ಷ್ಮಿ ಆಸ್ಪತ್ರೆಗೆ ಫೋನ್ ಮಾಡಿದಳು. ರೋಗಿಯ ಗುಟ್ಟನ್ನು ಊರ ಮುಂದೆ ಆಡಿದ್ದು ನಿಜವೇ ಎಂದು ಹೈಮಾವತಿಯವರು ಕೇಳಿದಾಗ ಸುಶೀಲಾ ನಿಜ ಎಂದಳು. ಹುಡುಗಿಗೆ ನಲುಗಿನ ವಿಚಾರ ಹೇಳದೆ ಬಿಟ್ಟಿದ್ದನ್ನು, ಡಾಕ್ಟರಿಗೆ ಗೊತ್ತಿಲ್ಲದಿದ್ದರೂ, ತಾನೇ ಸೇರಿಸಿದಳು. ಹೈಮಾವತಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇನ್ನು ನಿನ್ನನ್ನು ಇಟ್ಟುಕೊಳ್ಳಲಾರೆ ಎಂದರು. ಆಮೇಲೆ ಕೇಳಿದರು:

"ಮತ್ತೆ ಇಂಥದೇ ಸಂದರ್ಭ ಬಂದ್ರೆ ಏನ್ ಮಾಡ್ತೀಯಾ, ಸುಶೀಲಾ?"

ಅವಳು ಪ್ರಶ್ನೆಯನ್ನು ಪೂರ್ತಿ ಯೋಚಿಸಿದಳು.

"ಹುಡುಗಿಗೆ ಮೊದಲೇ ಹೇಳಿಬಿಡ್ತೀನಿ ಮೇಡಂ. ಅಮ್ಮನ ಬಾಯಲ್ಲಿ ಮಾತ್ರ ಹೇಳಿಸದೆ ಬಿಡಲ್ಲ."